ಇಲಿಯ ಪಾದದ ಬಾವು, ನಮ್ಮ ಮೊಣಕಾಲಿನ ಬಾವು

ಮಳೆ ಹಿಡಿದದ್ದೇ ತಡ, ಈ ಅಂಕಣದ ಓದುಗರಿಂದ ಗಿಡಗಳ ಫೋಟೊ ಬರಲು ಶುರುವಾಗುತ್ತದೆ. ಹಿತ್ತಿಲ ಮೂಲೆಯದು, ಹೊಲದ ಬದುವಿನದು, ಬಸ್ ನಿಲ್ದಾಣದ ಗೋಡೆಯ ಬುಡದ್ದು. ಕೆಳಗೆ ಒಂದೇ ಧಾಟಿಯ ಒಕ್ಕಣೆ: ಇದರ ಕಷಾಯ ಮಂಡಿನೋವಿಗೆ ಒಳ್ಳೆಯದಂತೆ, ಬಾವು ಇಳಿಸುತ್ತದಂತೆ, ಸಂಶೋಧನೆಯಲ್ಲೂ ಸಾಬೀತಾಗಿದೆಯಂತೆ, ಕುಡಿಯಬಹುದೇ? ಇಷ್ಟೂ ‘ಅಂತೆ’ಗಳಲ್ಲಿ ನನಗೆ ತೊಡಕಾಗುವುದು ಕೊನೆಯದು. ಸಂಶೋಧನೆ ಆಗಿಲ್ಲ ಎಂದು ತಳ್ಳಿಹಾಕುವಂತಿಲ್ಲ, ಆಗಿದೆ. ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ ಯಾವುದಾದರೊಂದು ವರ್ಷ ಯಾರಾದರೊಬ್ಬರ ಕೈಗೆ ಸಿಕ್ಕಿ ಪರೀಕ್ಷೆಗೆ ಒಳಗಾಗದ ಕಳೆಗಿಡ ಹುಡುಕುವುದೇ ಕಷ್ಟ. ಆದರೆ ಆ ಪರೀಕ್ಷೆಯಲ್ಲಿ ಸಾಬೀತಾದದ್ದು ಏನು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಕಳೆದ ಮಳೆಗಾಲದಲ್ಲಿ ಇದೇ ಪ್ರಶ್ನೆಯನ್ನು ನನ್ನ ತಂಗಿಯೂ ಕೇಳಿದಳು. ಧಾರವಾಡ ಬಿಟ್ಟು ಬಹಳ ಕಾಲವಾಯಿತು, ಅವಳ ಸಂಸಾರ ಈಗ ಕನ್ಹಾನಿನಲ್ಲಿ. ನಾಗಪುರದಿಂದ ಜಬಲ್ಪುರದ ದಾರಿ ಹಿಡಿದು ಕಾಮಠಿ ದಾಟಿದರೆ ನದಿ, ನದಿಯ ಆಚೆ ಊರು. ಛಿಂದವಾಡಾದ ಸಾತ್ಪುಡಾ ಬೆಟ್ಟಗಳಿಂದ ಇಳಿದು ಬರುವ ಕನ್ಹಾನ್ ನದಿಗೆ ಕಾಮಠಿಯ ಹತ್ತಿರ ಪೇಂಚ್ ಮತ್ತು ಕೋಲಾರ್ ನದಿಗಳು ಸೇರುತ್ತವೆ. ಸುತ್ತ ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನ ಕಲ್ಲಿದ್ದಲು ಗಣಿಗಳು, ಹತ್ತಿರದಲ್ಲೇ ಖಾಪರಖೇಡಾದ ಉಷ್ಣ ವಿದ್ಯುತ್ ಸ್ಥಾವರ. ಅಗೆದು ಸುರಿದ ಮಣ್ಣು ಎಲ್ಲಿದೆಯೋ ಅಲ್ಲಿ ಮೊದಲು ಕಾಲೂರುವುದು ಕಳೆ. ಹೀಗಾಗಿ ಸಂಜೆ ನದಿಯ ಕಡೆ ನಡೆಯಲು ಹೋದರೆ ದಾರಿಯುದ್ದಕ್ಕೂ ಪರಿಚಿತರೇ: ನೆಲಕ್ಕೆ ಅಂಟಿಕೊಂಡ ನೆಲಗುಳ್ಳ, ಚಪ್ಪಲಿಗೆ ಚುಚ್ಚುವ ನೆಗ್ಗಿಲಮುಳ್ಳು, ತೇವವಿರುವಲ್ಲಿ ಗರಗ, ಒಣಭೂಮಿಯಲ್ಲಿ ಕೊಮ್ಮೆ, ಹಳದಿ ಹೂವಿನ ದತ್ತೂರಿ. ನಾವು ಕಾಂಗ್ರೆಸ್ ಕಸ ಎನ್ನುವ ಪಾರ್ಥೇನಿಯಂ ಅಲ್ಲಿ ಗಾಜರ್ ಗವತ್. ಉದ್ದನೆಯ ಒಂಟಿ ತೊಟ್ಟಿನ ತುದಿಗೆ ಹಳದಿ ನಡುವಿನ ಪುಟ್ಟ ಹೂ ಬಿಡುವ ಗಬ್ಬು ಶಾವಂತಿ ಅವರಿಗೆ ಏಕದಾಂಡಿ. ಈ ಜಿಲ್ಲೆಯ ಸಸ್ಯಗಳನ್ನೆಲ್ಲ ಎನ್. ಆರ್. ಉಗೆಮುಗೆ 1986ರಲ್ಲೇ ‘ಫ್ಲೋರಾ ಆಫ್ ನಾಗಪುರ ಡಿಸ್ಟ್ರಿಕ್ಟ್’ ಎಂಬ ಪುಸ್ತಕದಲ್ಲಿ ದಾಖಲಿಸಿ ಇಟ್ಟಿದ್ದಾರೆ.

“ಅಣ್ಣಾ, ಏಕದಾಂಡಿ ರಸಾ ಕುಡುದ್ರ ಮಣಕಾಲ ಬಾವು ಇಳಿತೈತಿ ಅಂತಾರ, ಖರೇ ಏನು?” ಎಂದಳು ತಂಗಿ. ಹೇಳಿದವರು ಯಾರು ಎಂದೆ. ಪಕ್ಕದ ಮನೆಯ ಹುಡುಗಿ ಎಂ.ಫಾರ್ಮ್ ಓದುತ್ತಾಳೆ, ಪ್ರಬಂಧಕ್ಕೆಂದು ಇಂಥದೇ ಒಂದು ಕಳೆಯನ್ನು ಚೀಲಗಟ್ಟಲೆ ಕಿತ್ತು ಮಾಳಿಗೆಯ ಮೇಲೆ ನೆರಳಲ್ಲಿ ಒಣಗಿಸಿದ್ದಾಳೆ. ಓಣಿಯವರೆಲ್ಲ ಅದನ್ನು ನೋಡಿದ್ದಾರೆ. ಓದಿದ ಹುಡುಗಿ ಇಷ್ಟು ಕಷ್ಟಪಡುತ್ತಾಳೆಂದರೆ ಅದರಲ್ಲಿ ಏನೋ ಇರಲೇಬೇಕು ಎಂಬುದು ಅವರ ಲೆಕ್ಕ.

ಹುಡುಗಿಯ ಕೆಲಸದಲ್ಲಿ ತಪ್ಪೇನಿಲ್ಲ. ನಾನೂ ವಿದ್ಯಾರ್ಥಿಯಾಗಿದ್ದಾಗ ಇದೇ ಪರೀಕ್ಷೆ ಮಾಡಿದವನು, ಆಮೇಲೆ ಹಲವರಿಂದ ಮಾಡಿಸಿದವನು. ಕೆಂಪು ಕಡಲಪಾಚಿಯಿಂದ ತೆಗೆಯುವ ಕ್ಯಾರಜೀನನ್ ಎಂಬ ಅಂಟು ಪದಾರ್ಥವಿದೆ. ಐಸ್‌ಕ್ರೀಮ್ ಗಟ್ಟಿಯಾಗಲು ಬಳಸುವುದೂ ಅದನ್ನೇ. ಅದರ ಶೇ 1ರ ದ್ರಾವಣವನ್ನು ಒಂದು ಮಿಲಿಲೀಟರಿನ ಹತ್ತನೇ ಒಂದು ಭಾಗದಷ್ಟು ಇಲಿಯ ಹಿಂಗಾಲಿನ ಪಾದಕ್ಕೆ ಚುಚ್ಚಿದರೆ ಮೂರು ನಾಲ್ಕು ತಾಸಿನಲ್ಲಿ ಪಾದ ಊದಿಕೊಳ್ಳುತ್ತದೆ. ಪಾದವನ್ನು ಪಾದರಸದಲ್ಲೋ ನೀರಿನಲ್ಲೋ ಅದ್ದಿ, ದ್ರವ ಎಷ್ಟು ಮೇಲೇರಿತು ಎಂದು ನೋಡಿ ಬಾವನ್ನು ಅಳೆಯುತ್ತಾರೆ. ಚುಚ್ಚುವುದಕ್ಕೆ ಮುಂಚೆ ಕೆಲವು ಇಲಿಗಳಿಗೆ ಗಿಡದ ಸತ್ವ, ಕೆಲವಕ್ಕೆ ಇಂಡೊಮೆಥಾಸಿನ್ ಮಾತ್ರೆಯ ಪುಡಿ, ಕೆಲವಕ್ಕೆ ಬರಿಯ ನೀರು ಕುಡಿಸಿರುತ್ತಾರೆ. ನೀರು ಕುಡಿದ ಇಲಿಗಿಂತ ಸತ್ವ ಕುಡಿದ ಇಲಿಯ ಪಾದ ಕಡಿಮೆ ಊದಿದರೆ ಗಿಡಕ್ಕೆ ‘ಉರಿಯೂತ ನಿವಾರಕ ಗುಣವಿದೆ’ ಎಂದು ಬರೆಯುತ್ತಾರೆ. 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಇದು. ಸರಳ, ಅಗ್ಗ, ಒಂದು ಹಗಲಿನಲ್ಲಿ ಮುಗಿಯುತ್ತದೆ. ಪ್ರಾಣಿಪ್ರಯೋಗದ ನಿಯಮಗಳು ಬಿಗಿಯಾದ ಮೇಲೆ ಇಲಿಯನ್ನೂ ಬಿಟ್ಟು ಮೊಟ್ಟೆಯ ಬಿಳಿ ಹಿಡಿದವರಿದ್ದಾರೆ. ಬಿಳಿಲೋಳೆಗೆ ಸತ್ವ ಬೆರೆಸಿ ಬಿಸಿ ಮಾಡುವುದು, ಅದು ಎಷ್ಟು ಕಡಿಮೆ ಹೆಪ್ಪುಗಟ್ಟಿತು ಎಂದು ನೋಡುವುದು, ಅದನ್ನೂ ಉರಿಯೂತ ನಿವಾರಣೆಯ ಲೆಕ್ಕಕ್ಕೆ ಹಾಕುವುದು.

ಈಗ ಪ್ರಬಂಧಗಳು ಹೇಳದೆ ಬಿಡುವ ಮಾತಿಗೆ ಬರೋಣ. ಇಂಥ ಪರೀಕ್ಷೆಯಲ್ಲಿ ಪಾಸಾಗುವ ಗಿಡಗಳಿಗೆ ಲೆಕ್ಕವಿಲ್ಲ. ಹಸಿರು ಎಲೆಗಳಲ್ಲಿ ಫ್ಲೇವನಾಯ್ಡ್ ಎಂಬ ರಾಸಾಯನಿಕಗಳು ಧಾರಾಳ. ಬಿಸಿಲು, ಹುಳ, ಶಿಲೀಂಧ್ರಗಳಿಂದ ಕಾಪಾಡಿಕೊಳ್ಳಲು ಗಿಡಗಳು ತಾವೇ ಮಾಡಿಕೊಳ್ಳುವ ವಸ್ತುಗಳವು. ಬಾವು ಬರಿಸುವ ಕಿಣ್ವಗಳಿಗೆ ಅವು ಅಷ್ಟಿಷ್ಟು ತಡೆ ಒಡ್ಡುವುದು ನಿಜ. ಆದರೆ ಯಾವುದೋ ಕಳೆಯಲ್ಲಿ ಕ್ವೆರ್ಸೆಟಿನ್ ಸಿಕ್ಕಿತು ಎಂದು ಸಂಭ್ರಮಿಸುವ ಮುಂಚೆ ಅದು ನಾವು ದಿನಾ ಹೆಚ್ಚುವ ಈರುಳ್ಳಿಯಲ್ಲೂ ಇದೆ ಎಂಬುದನ್ನು ಮರೆಯಬಾರದು. ಈರುಳ್ಳಿ ತಿಂದು ಯಾರ ಸಂಧಿವಾತವೂ ವಾಸಿಯಾಗಿಲ್ಲ.

ಇನ್ನು ಪ್ರಮಾಣ. ಇಲಿಗೆ ಸಾಮಾನ್ಯವಾಗಿ ಪ್ರತಿ ಕಿಲೋ ತೂಕಕ್ಕೆ 200ರಿಂದ 400 ಮಿಲಿಗ್ರಾಂ ಸತ್ವ ಕೊಡುತ್ತಾರೆ. ಹೋಲಿಕೆಗೆ ಇಟ್ಟ ಇಂಡೊಮೆಥಾಸಿನ್ 10 ಮಿಲಿಗ್ರಾಂ ಮಾತ್ರ. ಇಲಿಯ ಲೆಕ್ಕವನ್ನು ಮನುಷ್ಯನಿಗೆ ತರಲು ಸುಮಾರು 6ರಿಂದ ಭಾಗಿಸುವ ಪದ್ಧತಿಯಿದೆ. 400 ಮಿಲಿಗ್ರಾಂ ಹಿಡಿದು ಲೆಕ್ಕ ಹಾಕಿದರೆ 60 ಕಿಲೋ ತೂಗುವ ನನ್ನ ತಂಗಿಗೆ ದಿನಕ್ಕೆ ಸುಮಾರು 4 ಗ್ರಾಂ ಗಟ್ಟಿ ಸತ್ವ ಬೇಕು. ನೂರು ಗ್ರಾಂ ಒಣಪುಡಿಯಿಂದ ಹತ್ತು ಗ್ರಾಂ ಸತ್ವ ಬಂದೀತು ಎಂದುಕೊಂಡರೂ 40 ಗ್ರಾಂ ಒಣಗಿಡ ಬೇಕು, ಹಸಿಯಾದರೆ ಹೆಚ್ಚುಕಡಿಮೆ 200 ಗ್ರಾಂ, ಅದೂ ದಿನದಿನವೂ. ಅಷ್ಟೇ ಅಲ್ಲ, ಪ್ರಯೋಗಾಲಯದವರು ಆಲ್ಕೊಹಾಲಿನಲ್ಲಿ ಇಳಿಸಿದ ಸತ್ವಕ್ಕೂ ನಾವು ನೀರಿನಲ್ಲಿ ಕುದಿಸುವ ಕಷಾಯಕ್ಕೂ ಒಳಗಿನ ಸರಕು ಒಂದೇ ಆಗಿರುವುದಿಲ್ಲ. ಒಂದು ಹಿಡಿ ಎಲೆ ಕುದಿಸಿ ಕುಡಿದವರು ಆ ಪ್ರಬಂಧವನ್ನು ಸಾಕ್ಷಿಗೆ ಕರೆಯುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಅಂತರ ಬಾವಿನಲ್ಲೇ ಇದೆ. ಇಲಿಗೆ ಮದ್ದು ಮೊದಲು, ಬಾವು ಆಮೇಲೆ. ಮಂಡಿನೋವಿನವರಿಗೆ ಬಾವು ಬಂದು ಎಷ್ಟೋ ವರ್ಷವಾಗಿರುತ್ತದೆ. ಇಲಿಯ ಪಾದದಲ್ಲಿ ನಡೆಯುವುದು ಕೆಲವು ತಾಸುಗಳ ಗಲಾಟೆ: ಮೊದಲು ಹಿಸ್ಟಮಿನ್, ಸೆರೊಟೋನಿನ್‌ಗಳು ಹೊರಬೀಳುತ್ತವೆ, ಆಮೇಲೆ ಪ್ರೊಸ್ಟಗ್ಲಾಂಡಿನ್‌ಗಳು. ಆಸ್ಪಿರಿನ್ ಜಾತಿಯ ಮದ್ದುಗಳು ಕೆಲಸ ಮಾಡುವುದು ಈ ಪ್ರೊಸ್ಟಗ್ಲಾಂಡಿನ್ ಹುಟ್ಟದಂತೆ ತಡೆದು ಎಂಬುದನ್ನು ಜಾನ್ ವೇನ್ 1971ರಲ್ಲಿ ತೋರಿಸಿದರು, 1982ರಲ್ಲಿ ನೊಬೆಲ್ ಪಡೆದರು. ನಮ್ಮ ಕೀಲುಗಳಲ್ಲಿ ನಡೆಯುವುದು ಮೃದ್ವಸ್ಥಿಯ ಸವೆತ, ಇಲ್ಲವೇ ದೇಹ ತನ್ನ ಮೇಲೆಯೇ ತಿರುಗಿಬಿದ್ದ ವರ್ಷಾನುಗಟ್ಟಲೆಯ ಕಾಳಗ. ಇದಕ್ಕೆ ಹತ್ತಿರವಾದ ಪರೀಕ್ಷೆಯೂ ಇಲಿಯಲ್ಲಿದೆ. ಅದಕ್ಕೆ ಮೂರು ನಾಲ್ಕು ವಾರ ಬೇಕು, ಹೆಚ್ಚು ಹಣ ಬೇಕು, ಫಲಿತಾಂಶವೂ ಅಷ್ಟು ಸುಲಭಕ್ಕೆ ಒಲಿಯುವುದಿಲ್ಲ. ಅದನ್ನು ಕೈಗೆತ್ತಿಕೊಳ್ಳುವವರು ಕಡಿಮೆ.

‘ಕಡೆಗಣಿಸಲ್ಪಟ್ಟ ಕಳೆಗಳು’ ಎಂಬ ಮಾತು ಇಂಥ ಪ್ರಬಂಧಗಳ ಪೀಠಿಕೆಯಲ್ಲಿ ತಪ್ಪದೆ ಬರುತ್ತದೆ. ಕಡೆಗಣಿಸಿದವರು ಯಾರು ಎಂದು ನನಗೆ ಕೇಳಬೇಕೆನಿಸುತ್ತದೆ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಬಾವು ಇಳಿಸುವ ಹತ್ತು ಸಸ್ಯಗಳ ಗುಂಪೊಂದಿದೆ. ಅದು ನಾವು ದಶಮೂಲ ಎಂದು ಕರೆಯುವ ಹತ್ತೇ. ಅದರಲ್ಲಿ ಬಿಲ್ವ, ಶಿವನೆಯಂಥ ಮರಗಳ ಜೊತೆಗೆ ನೆಲಗುಳ್ಳವೂ ಇದೆ, ನೆಗ್ಗಿಲೂ ಇದೆ. ಕನ್ಹಾನಿನ ದಡದಲ್ಲಿ ಚಪ್ಪಲಿಗೆ ಚುಚ್ಚಿಕೊಂಡದ್ದು ಅದೇ ನೆಗ್ಗಿಲು. ಕೊಮ್ಮೆಯನ್ನು ಪುನರ್ನವವೆಂದು ವೈದ್ಯರು ಬಾವಿಗೆ ಕೊಡುತ್ತ ಬಂದದ್ದೂ ಹಳೆಯ ಸಂಗತಿಯೇ. ಗಬ್ಬು ಶಾವಂತಿಯ ಕಥೆ ಇನ್ನೂ ಸ್ವಾರಸ್ಯದ್ದು. ಅದು ಅಮೆರಿಕ ಖಂಡದಿಂದ ಬಂದ ಗಿಡ, ಚರಕ ಸುಶ್ರುತರಿಗೆ ಗೊತ್ತಿರುವ ಸಾಧ್ಯತೆಯೇ ಇಲ್ಲ. ಆದರೂ ಕುಡುಗೋಲು ತಾಗಿ ಬೆರಳು ಕೊಯ್ದರೆ ಅದರ ಎಲೆ ಹಿಂಡಿ ರಸ ಬಿಡಬೇಕೆಂದು ಧಾರವಾಡದ ಹೊಲದಲ್ಲೂ ಗೊತ್ತು, ವಿದರ್ಭದ ಹೊಲದಲ್ಲೂ ಗೊತ್ತು. ಯಾವ ಗ್ರಂಥದ ಹಂಗೂ ಇಲ್ಲದೆ ಕೂಲಿಯವರು, ದನಗಾಹಿಗಳು ಇಷ್ಟು ಚೆನ್ನಾಗಿ ಕಂಡುಕೊಂಡ ಮದ್ದು ಇನ್ನೊಂದಿದೆಯೋ ಇಲ್ಲವೋ.

ಅದರ ಬೆನ್ನು ಹತ್ತಿದ ವಿಜ್ಞಾನಿಗಳೂ ಇದ್ದರು. ಪಿ. ವಿ. ದಿವಾನ್, ಎಲ್. ಡಿ. ಟಿಲ್ಲೂ, ಡಿ. ಆರ್. ಕುಲಕರ್ಣಿ ಅವರು 1980ರ ದಶಕದ ಆರಂಭದಲ್ಲೇ ಇಲಿಗಳ ಗಾಯದ ಮೇಲೆ ಇದನ್ನು ಪರೀಕ್ಷಿಸಿದರು. ಸ್ಟೀರಾಯ್ಡ್ ಕೊಟ್ಟರೆ ಗಾಯ ಮಾಯುವುದು ನಿಧಾನವಾಗುತ್ತದೆ. ಆ ನಿಧಾನವನ್ನು ಈ ಗಿಡ ಹೇಗೆ ಎದುರಿಸುತ್ತದೆ ಎಂಬುದನ್ನು ನೋಡಿದ್ದು ಅವರ ಜಾಣತನ. 1989ರಲ್ಲಿ ಬಾವಿನ ಮೇಲಿನ ಪರಿಣಾಮದ ವರದಿ ಬಂತು. 1991ರಲ್ಲಿ ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನಿಂದ ಎಸ್. ಎಲ್. ಉಡುಪ, ಎ. ಎಲ್. ಉಡುಪ ಮತ್ತು ಕುಲಕರ್ಣಿ ಅವರು ‘ಪ್ಲಾಂಟಾ ಮೆಡಿಕಾ’ ಪತ್ರಿಕೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಾಯ ಕೂಡುವಾಗ ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವದ ಮೇಲೆ ಈ ಗಿಡದ ಪ್ರಭಾವವನ್ನು ಬರೆದರು. ನೋಡಿ, ಇದು ಪ್ರಶ್ನೆ ಕೇಳುವ ರೀತಿ. ಬಾವು ಇಳಿಯಿತೇ ಎಂದಷ್ಟೇ ಕೇಳಿ ಸುಮ್ಮನಾಗದೆ, ಯಾವ ದಾರಿಯಲ್ಲಿ, ಯಾವ ಹಂತದಲ್ಲಿ ಎಂದು ಕೇಳುವುದು.

ಆಮೇಲೆ ಆಗಬೇಕಾಗಿದ್ದದ್ದು ಆ ದಾರಿಯಲ್ಲೇ ಮುಂದಿನ ನಡಿಗೆ. ಕೆಲಸ ಮಾಡುವ ಅಂಶವನ್ನು ಬೇರ್ಪಡಿಸುವುದು, ಮುಲಾಮು ಮಾಡುವುದು, ಮನುಷ್ಯರ ಗಾಯದ ಮೇಲೆ ಶಿಸ್ತಿನಿಂದ ನೋಡುವುದು. ಬಹುಪಾಲು ನಡೆದದ್ದು ಬೇರೆ: ಅದೇ ಗಿಡ, ಅದೇ ಪಾದ, ಅದೇ ಕ್ಯಾರಜೀನನ್, ಬೇರೆ ಊರಿನ ಬೇರೆ ಕಾಲೇಜು. ಈ ಬಾರಿ ಎಲೆ, ಮುಂದಿನ ಬಾರಿ ಹೂ, ಅದರ ಮುಂದಿನ ಬಾರಿ ಬೇರು. ಎರಡು ವರ್ಷದ ಎಂ.ಫಾರ್ಮ್ ಕೋರ್ಸಿನಲ್ಲಿ ಪ್ರಯೋಗಕ್ಕೆ ಸಿಗುವುದು ಕೆಲವೇ ತಿಂಗಳು, ಕೈಯಲ್ಲಿ ದುಡ್ಡಿಲ್ಲ, ಫಲಿತಾಂಶ ‘ಪಾಸಿಟಿವ್’ ಬರದಿದ್ದರೆ ಪತ್ರಿಕೆಗಳು ಹಾಕಿಕೊಳ್ಳುವುದಿಲ್ಲ. ಕಳೆ ಪುಕ್ಕಟೆ ಸಿಗುತ್ತದೆ, ಇನ್ನೂ ಯಾರೂ ಮುಟ್ಟದ ಗಿಡವಾದರೆ ಹೊಸತು ಎಂಬ ಹಣೆಪಟ್ಟಿಯೂ ಸಿಗುತ್ತದೆ. ಹುಡುಗಿಯನ್ನು ದೂರಿ ಏನು ಪ್ರಯೋಜನ? ವ್ಯವಸ್ಥೆ ಅವಳಿಂದ ಕೇಳುವುದೇ ಅಷ್ಟು.

ಜರ್ಮನಿಯ ಹಿಲ್ಡೆಬರ್ಟ್ ವಾಗ್ನರ್ ನಮ್ಮ ಗದ್ದೆ ಬದುವಿನ ಗರಗವನ್ನು ಬೇರೆ ರೀತಿ ನೋಡಿದರು. ಅದರೊಳಗಿನ ವೆಡೆಲೊಲ್ಯಾಕ್ಟೋನ್ ಎಂಬ ಒಂದೇ ಒಂದು ವಸ್ತುವನ್ನು ಹಿಡಿದು, ಅದು ಬಾವಿನ ಸರಪಳಿಯ 5-ಲಿಪಾಕ್ಸಿಜನೇಸ್ ಎಂಬ ಕೊಂಡಿಯನ್ನು ತಡೆಯುತ್ತದೆ ಎಂದು 1986ರಲ್ಲಿ ತೋರಿಸಿದರು. ಹಾಗೆ ಹೆಸರು, ಕೊಂಡಿ, ಪ್ರಮಾಣ ಮೂರೂ ಸಿಕ್ಕಾಗ ಬೇರೆಯವರು ಅದನ್ನು ಒರೆಗೆ ಹಚ್ಚಬಹುದು, ಮುಂದಕ್ಕೊಯ್ಯಬಹುದು. ಬೇಲಿಯ ಮೇಲೆ ಬೆಂಕಿಯ ನಾಲಗೆಯಂಥ ಹೂ ಬಿಡುವ ಗೌರಿ ಹೂವನ್ನು, ಅಂದರೆ ಅಗ್ನಿಶಿಖೆಯನ್ನು ನೋಡಿ. ಅದರಲ್ಲಿರುವ ಕೊಲ್ಚಿಸಿನ್ ‘ಗೌಟ್’ ಎಂಬ ಕೀಲುಬಾವಿಗೆ ಇಂದಿಗೂ ವೈದ್ಯರು ಬರೆದುಕೊಡುವ ಮದ್ದು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಹೃದ್ರೋಗಿಗಳಿಗೂ ಅದಕ್ಕೆ ಒಪ್ಪಿಗೆ ಕೊಟ್ಟರು. ಒಪ್ಪಿಗೆಯ ಪ್ರಮಾಣ ದಿನಕ್ಕೆ ಅರ್ಧ ಮಿಲಿಗ್ರಾಂ. ಅದೇ ಗಿಡದ ಗೆಡ್ಡೆ ತಿಂದವರು ಸತ್ತಿದ್ದಾರೆ. ಮದ್ದಿಗೂ ವಿಷಕ್ಕೂ ನಡುವೆ ಅಷ್ಟೇ ಅಂತರ. ಆ ಅಂತರವನ್ನು ಇಲಿಯ ಪಾದ ಹೇಳಿಕೊಡುವುದಿಲ್ಲ.

ವಿಷದ ಮಾತು ಬಂದದ್ದರಿಂದ ಹೇಳುತ್ತೇನೆ. ಕಳೆಗಳ ಬಗ್ಗೆ ಮರುಳಾಗುವವರು ಎರಡು ಘಟನೆಗಳನ್ನು ನೆನಪಿಟ್ಟುಕೊಳ್ಳಬೇಕು. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ದತ್ತೂರಿ ಬೀಜದ ಎಣ್ಣೆ ಕಲಬೆರಕೆಯಾಗಿ 60ಕ್ಕೂ ಹೆಚ್ಚು ಜನ ಸತ್ತರು. ಕಾಲುಗಳು ಊದಿಕೊಂಡು, ಉಸಿರು ಕಟ್ಟಿ ಆಸ್ಪತ್ರೆ ಸೇರಿದವರು ಸಾವಿರಾರು. ಬಾವು ಇಳಿಸುತ್ತದೆಂದು ಕೆಲವರು ಹೊಗಳುವ ಗಿಡವೇ ಬಾವು ಬರಿಸಿ ಕೊಂದಿತು. ಇನ್ನೊಂದು, ಈಗಿನ ಛತ್ತೀಸಗಢದ ಸರಗುಜಾದ ಘಟನೆ. 1970ರ ದಶಕದಲ್ಲಿ ಅಲ್ಲಿನ ಬುಡಕಟ್ಟು ಹಳ್ಳಿಗಳಲ್ಲಿ ಜನರ ಹೊಟ್ಟೆಯಲ್ಲಿ ನೀರು ತುಂಬಿ ಯಕೃತ್ತು ಹಾಳಾಗಿ ಸಾವುಗಳಾದವು. ಹುಡುಕಿದಾಗ ಸಿಕ್ಕ ಕಾರಣ, ಅವರು ಉಣ್ಣುತ್ತಿದ್ದ ಸಾಮೆಯಲ್ಲಿ ಬೆರೆತಿದ್ದ ಕ್ರೊಟಲೇರಿಯಾ ಕಳೆಯ ಬೀಜ. ಅದರೊಳಗಿನ ಪಿರೊಲಿಜಿಡಿನ್ ಆಲ್ಕಲಾಯ್ಡ್‌ಗಳು ಯಕೃತ್ತಿನ ಸಣ್ಣ ರಕ್ತನಾಳಗಳನ್ನೇ ಮುಚ್ಚಿಬಿಡುತ್ತವೆ. ಇವು ಒಂದು ದಿನದಲ್ಲಿ ಕಾಣುವ ವಿಷವಲ್ಲ, ತಿಂಗಳುಗಟ್ಟಲೆ ತಿಂದ ಮೇಲೆ ಕಾಣುವಂಥದು. ನಮ್ಮಲ್ಲಿ ಗಾಯಕ್ಕೆ ಹಚ್ಚುವ, ಕೆಲವೆಡೆ ಕುಡಿಯಲೂ ಹೇಳುವ ನಾಯಿತುಳಸಿಯಲ್ಲೂ, ಅಂದರೆ ಅಜರೇಟಂನಲ್ಲೂ, ಇದೇ ಜಾತಿಯ ಆಲ್ಕಲಾಯ್ಡ್‌ಗಳಿವೆ.

ಪಾರ್ಥೇನಿಯಂ ಬಗ್ಗೆ ಕೇಳುವವರೂ ಇದ್ದಾರೆ. ಕರ್ನಾಟಕ ಸರ್ಕಾರ 1975ರಲ್ಲೇ ಕೃಷಿ ಪೀಡೆ ಎಂದು ಘೋಷಿಸಿದ, 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೊದ ದುಂಬಿ ಬಿಟ್ಟು ಹತೋಟಿಗೆ ಯತ್ನಿಸಿದ ಗಿಡವದು. ಕನ್ಹಾನಿನ ಮುಂದಿನ ದಾರಿಯಲ್ಲೇ ಸಿಗುವ ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯ ಪ್ರತಿ ಆಗಸ್ಟಿನಲ್ಲಿ ಅದರ ವಿರುದ್ಧ ಜಾಗೃತಿ ಸಪ್ತಾಹವನ್ನೇ ನಡೆಸುತ್ತದೆ. ಅದರಲ್ಲಿರುವ ಪಾರ್ಥೆನಿನ್, ಯುರೋಪಿನಲ್ಲಿ ತಲೆನೋವಿನ ಮದ್ದೆಂದು ಹೆಸರಾದ ಫೀವರ್‌ಫ್ಯೂ ಗಿಡದ ಪಾರ್ಥೆನೊಲೈಡ್‌ಗೆ ರಾಸಾಯನಿಕವಾಗಿ ಬಳಗ. ಪಾರ್ಥೆನೊಲೈಡ್ ಬಾವಿನ ಜೀನುಗಳನ್ನು ಅದುಮುತ್ತದೆ ಎಂಬುದು ಪ್ರಯೋಗಾಲಯದ ಮಾತು. ಪಾರ್ಥೇನಿಯಂ ಕೀಳಲು ಹೋದ ರೈತನ ಮುಖ, ಕುತ್ತಿಗೆ, ಮೊಣಕೈ ತುರಿಸಿ ಕೆಂಪಗೆ ಊದುವುದು ಹೊಲದ ಮಾತು. ಎರಡೂ ನಿಜವೇ. ನಾನು ಮಾತ್ರ ಹೊಲದ ಮಾತಿನ ಕಡೆ.

ತಂಗಿಗೆ ನಾನು ಹೇಳಿದ್ದು ಇಷ್ಟೆಲ್ಲ ಅಲ್ಲ. ನೀನು ಕೀಳುತ್ತಿರುವುದು ಎಲ್ಲಿಂದ ಎಂದಷ್ಟೇ ಕೇಳಿದೆ. ಅವಳ ಮನೆಯ ಹಿಂದಿನ ಖಾಲಿ ಜಾಗದಲ್ಲಿ ತಗ್ಗು ತುಂಬಿಸಲು ಸುರಿದದ್ದು ವಿದ್ಯುತ್ ಸ್ಥಾವರದ ಹಾರುಬೂದಿ. ಕಲ್ಲಿದ್ದಲಿನೊಳಗಿನ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂಗಳು ಉರಿದು ಹೋಗುವುದಿಲ್ಲ, ಬೂದಿಯಲ್ಲಿ ಉಳಿಯುತ್ತವೆ. ಅಂಥ ನೆಲದಲ್ಲಿ ಮೊದಲು ಚಿಗುರುವ ಕಳೆಗಳು ಅವನ್ನು ಹೀರಿಕೊಳ್ಳುವುದರಲ್ಲೂ ಗಟ್ಟಿಗರು. ಆಯುರ್ವೇದ ಔಷಧಗಳಿಗೆ ನಮ್ಮ ಸರ್ಕಾರವೇ ಹಾಕಿದ ಮಿತಿ ಹತ್ತು ಲಕ್ಷ ಭಾಗದಲ್ಲಿ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಭಾಗ. ಅಂಗಡಿಯ ಮದ್ದಿಗೆ ಈ ಪರೀಕ್ಷೆ ಉಂಟು, ಹಿತ್ತಿಲ ಕಷಾಯಕ್ಕೆ ಇಲ್ಲ. ಪಕ್ಕದ ಮನೆಯ ಹುಡುಗಿಗೂ ಇದನ್ನೇ ಕೇಳಿದಾಗ ಅವಳು ಥಟ್ಟನೆ, “ಸರ್, ನಮ್ಮ ಸಿನಾಪ್ಸಿಸ್‌ನಲ್ಲಿ ಅದು ಇಲ್ಲ” ಎಂದಳು. ಆಮೇಲೆ ತಾನೇ, ಅದೇ ಗಿಡವನ್ನು ಬೂದಿನೆಲದ್ದೊಂದು, ರಾಮಟೇಕ್ ಕಡೆಯ ಹೊಲದ್ದೊಂದು ತಂದು ಎರಡನ್ನೂ ಪಕ್ಕಪಕ್ಕ ನೋಡಬಹುದಲ್ಲ ಎಂದಳು. ನನ್ನ ಮಟ್ಟಿಗೆ ಅದು ಇನ್ನೊಂದು ಇಲಿಯ ಪಾದಕ್ಕಿಂತ ಒಳ್ಳೆಯ ಪ್ರಬಂಧ.

ಗಿಡದ ಗುರುತೂ ಸಣ್ಣ ವಿಷಯವಲ್ಲ. ಭೃಂಗರಾಜವೆಂದು ಮಾರುವ ಕಟ್ಟಿನಲ್ಲಿ ಗರಗದ ಬದಲು ಗಬ್ಬು ಶಾವಂತಿ ಇರುವುದುಂಟು. ಪುನರ್ನವದ ಹೆಸರಿನಲ್ಲಿ ಕೊಮ್ಮೆಯ ಬದಲು ಬಿಳಿ ಹೂವಿನ ಟ್ರಯಾಂಥೀಮಾ ಬರುವುದೂ ಉಂಟು. ಫೋಟೊ ನೋಡಿ ಹೌದು, ಅಲ್ಲ ಎಂದು ನಾನು ಯಾರಿಗೂ ಉತ್ತರಿಸದಿರುವುದು ಇದೇ ಕಾರಣಕ್ಕೆ. ಕಾಂಡ, ಬೇರು, ಹೂ ಮೂರನ್ನೂ ಕೈಯಲ್ಲಿ ಹಿಡಿದು ನೋಡದೆ ಸಸ್ಯಶಾಸ್ತ್ರಜ್ಞರೂ ಹೇಳುವುದಿಲ್ಲ.

ಫಾರ್ಮಸಿ ಕಾಲೇಜುಗಳ ಗೈಡುಗಳಲ್ಲಿ ಒಂದು ಕೋರಿಕೆ. ಹೊಸ ಕಳೆ ಹುಡುಕಿಕೊಂಡು ಬಾ ಎಂದು ವಿದ್ಯಾರ್ಥಿಗಳನ್ನು ಕಳಿಸುವುದನ್ನು ಕೆಲವು ವರ್ಷ ನಿಲ್ಲಿಸಿ. ಗಬ್ಬು ಶಾವಂತಿ, ಕೊಮ್ಮೆ, ಗರಗ, ಈ ಮೂರನ್ನೇ ಹಂಚಿಕೊಂಡು ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸಲಿ. ಫಲ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಲಿ. ಓದುಗರಲ್ಲಿ ಇನ್ನೊಂದು ಕೋರಿಕೆ. ಯಾವುದಾದರೂ ಸೊಪ್ಪಿನ ಕಷಾಯವನ್ನು ಈಗಾಗಲೇ ಕುಡಿಯುತ್ತಿದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಹೂವು ಬೇರು ಸಮೇತ ಆ ಗಿಡವನ್ನೇ ಒಂದು ಕಾಗದದಲ್ಲಿ ಸುತ್ತಿ ಒಯ್ಯಿರಿ, ಎಷ್ಟು ದಿನದಿಂದ ಕುಡಿಯುತ್ತಿದ್ದೀರಿ ಎಂಬುದನ್ನೂ ಹೇಳಿ. ರಕ್ತ ತಿಳಿಯಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಯಕೃತ್ತು ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಬಸುರಿಯರು ಕುಡಿಯುತ್ತಿದ್ದರೆ ಇವತ್ತೇ ನಿಲ್ಲಿಸಿ.